ಕುಂಬಾರವಾಡ ಗಾಡಿ

ಮೊಮ್ಮಗಳು ಶೈಲಾ ಖಾಕಿ ತೊಟ್ಟು ಅಂಗಳದಲ್ಲಿ ನಿಂತ ದಿನ ನಮ್ಮ ಓಣಿಯಲ್ಲಿ ನಾನು ಪೇಢೆ ಹಂಚದ ಮನೆ ಉಳಿಯಲಿಲ್ಲ. ಎದುರುಮನೆಯವರಿಗಂತೂ ಎರಡು ಸಲ ಕೊಟ್ಟೆ.

"ಅಜ್ಜಾರ, ಮುಂಜಾನೆನ ಕೊಟ್ಟೀರಲ್ರೀ" ಅಂದರು.

"ಅದು ಆರ್ಡರ್ ಬಂದದ್ದಕ್ಕ. ಇದು ಅಂಗಿ ಹಾಕ್ಕೊಂಡದ್ದಕ್ಕ. ಸುಮ್ನ ತಿನ್ರಿ" ಅಂದೆ.

ನಾನು ಇಡೀ ಆಯುಷ್ಯ ಬಸ್ಸು ಓಡಿಸಿದ ದಾಂಡೇಲಿ ಡಿಪೊಕ್ಕೇ ಅವಳು ಬಂದಿದ್ದಾಳೆ. ನನ್ನ ಕಾಲದಲ್ಲಿ ಡ್ರೈವರ್ ಬೇರೆ, ಕಂಡಕ್ಟರ್ ಬೇರೆ. ಇವಳದು ಎರಡೂ ಕೆಲಸ. ಬಸ್ಸನ್ನೂ ಓಡಿಸಬೇಕು, ಟಿಕೆಟ್ಟನ್ನೂ ಕೊಡಬೇಕು. ಅವಳ ಜೊತೆ ತರಬೇತಿ ಮುಗಿಸಿದ ಹುಡುಗ ಹುಡುಗಿಯರು ಒಂದು ದಿನ ನಮ್ಮ ಮನೆಗೆ ಚಹಾಕ್ಕೆ ಬಂದಿದ್ದರು. ಅವರು ಹೊರಡುವಾಗ ಶೈಲಾ ಅಂದಳು: "ಅಜ್ಜಾ, ಟ್ರೇನಿಂಗಿನಾಗ ಗೇರು, ಬ್ರೇಕು, ಕಾಯ್ದೆ ಎಲ್ಲಾ ಹೇಳಿಕೊಟ್ರು. ಮಂದಿ ಬಗ್ಗೆ ಯಾರೂ ಹೇಳಲಿಲ್ಲ. ಅದನ್ನ ನಮಗೆಲ್ಲಾ ನೀ ಬರದ ಕೊಡು."

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆದರೆ ಮೊಮ್ಮಗಳು ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಅದಕ್ಕೇ ಕುಳಿತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಎಷ್ಟು ಸಂಬಳ ಸಿಕ್ಕಿತು ಅನ್ನುವ ಕಥೆ ಇದರಲ್ಲಿಲ್ಲ. ಡ್ರೈವರ್ ಆಗಿ ಹತ್ತಿದೆ, ಡ್ರೈವರ್ ಆಗಿಯೇ ಇಳಿದೆ. ನಡುವೆ ಆದದ್ದನ್ನು ಹೇಳುತ್ತೇನೆ.

ನಮ್ಮಪ್ಪ ಧಾರವಾಡ ಕಡೆಯ ಹಳ್ಳಿಯಿಂದ ದಾಂಡೇಲಿಯ ಕಾಗದ ಕಾರ್ಖಾನೆಗೆ ಬಂದವನು. ಬಿದಿರು ಹೊತ್ತು ಹೊತ್ತು ಅವನ ಹೆಗಲು ಒಂದು ಕಡೆ ಇಳಿದುಬಿಟ್ಟಿತ್ತು. ನನ್ನನ್ನೂ ಅಲ್ಲೇ ಸೇರಿಸಬೇಕೆಂದು ಅವನ ಆಸೆ. ನನಗೋ ಬಸ್‌ಸ್ಟ್ಯಾಂಡಿನ ಹುಚ್ಚು. ಹಾರ್ನ್ ಕೇಳಿ ಇದು ಹಳಿಯಾಳದ ಗಾಡಿ, ಇದು ಧಾರವಾಡದ ಗಾಡಿ ಅಂತ ಹೇಳುತ್ತಿದ್ದೆ. ನಾವು ಬಸ್ಸಿಗೆ ಗಾಡಿ ಅನ್ನುವವರು.

ಮೊದಲು ನನ್ನನ್ನು ಹಾಕಿದ್ದು ಹಳಿಯಾಳ, ಮುಂಡಗೋಡ ಕಡೆಗೆ. ಅತ್ತಿವೇರಿಯ ಸ್ಟಾಪಿನಲ್ಲಿ ಒಬ್ಬ ಹುಡುಗಿ ದಿನಾ ಬಸ್ಸಿಗೆ ಕೈ ಮಾಡುತ್ತಿದ್ದಳು, ಹತ್ತುತ್ತಿರಲಿಲ್ಲ. ಒಂದು ದಿನ ಸಿಟ್ಟು ಬಂದು ಕೇಳಿದೆ: "ಏನವಾ, ಹತ್ತೂದಿಲ್ಲ ಅಂದಮ್ಯಾಲ ಗಾಡಿ ಯಾಕ ನಿಲ್ಲಸ್ತಿ?" ಅವಳು, "ನಮ್ಮ ಎಮ್ಮಿ ರಸ್ತೆ ದಾಟಬೇಕ್ರಿ" ಅಂದಳು. ಅವಳೇ ಶಾಂತವ್ವ, ಶೈಲಾಳ ಅಜ್ಜಿ. ಈಗಲೂ ನಮ್ಮ ಮನೆಗೆ ಬಂದವರಿಗೆ ಹೇಳುತ್ತಾಳೆ: "ಎಮ್ಮಿ ದಾಟಿಸಾಕ ನಿಲ್ಲಿಸಿದ್ನಿ, ಇವರು ಇಳದ ಬಿಟ್ರು."

ಆಮೇಲೆ ನನಗೆ ಕುಂಬಾರವಾಡ ಗಾಡಿ ಕೊಟ್ಟರು. ದಾಂಡೇಲಿಯಿಂದ ಜೋಯಿಡಾ, ಅಲ್ಲಿಂದ ಮುಂದೆ ಕಾಡಿನ ದಾರಿ. ಆ ಗಾಡಿ ಅಂದರೆ ಡಿಪೊದಲ್ಲಿ ಎಲ್ಲರೂ ಮುಖ ತಿರುಗಿಸುತ್ತಿದ್ದರು. ರಸ್ತೆ ಅಂದರೆ ಕೆಂಪು ಮಣ್ಣು. ಮಳೆಗಾಲದಲ್ಲಿ ಸ್ಟೇರಿಂಗ್ ನಾನು ಒಂದು ಕಡೆ ತಿರುಗಿಸಿದರೆ ಗಾಡಿ ತನಗೆ ತಿಳಿದ ಕಡೆ ಹೋಗುತ್ತಿತ್ತು. ನನ್ನ ಕಂಡಕ್ಟರ್ ಗಂಗಾಧರ, ಬೈಲಹೊಂಗಲ ಕಡೆಯವನು, ದೊಡ್ಡ ಬಾಯಿಯ ಮನುಷ್ಯ. ಮೊದಲ ದಿನವೇ ಅಂದ: "ಫಕೀರಣ್ಣ, ಈ ಗಾಡಿ ನಮಗ ಶಿಕ್ಷಾ ಅಂತ ಕೊಟ್ಟಾರ. ಏನ್ ತಪ್ಪ ಮಾಡೇವಿ ಅನ್ನೂದರ ಹೇಳಬೇಕಿತ್ತು."

ತಿಂಗಳು ಕಳೆಯುವುದರೊಳಗೆ ಅದೇ ಗಂಗಾಧರ ರಜೆ ಕೊಟ್ಟರೂ ಮನೆಯಲ್ಲಿ ಕೂರದಂತಾದ. ಅದಕ್ಕೆ ಕಾರಣ ಡಬ್ಬಿಗಳು.

ಆ ದಾರಿಯ ಹಳ್ಳಿಗಳ ಮಕ್ಕಳು ಜೋಯಿಡಾದ ವಸತಿಗೃಹದಲ್ಲಿದ್ದು ಶಾಲೆ ಕಲಿಯುತ್ತಿದ್ದರು. ಗಂಡಸರು ಕೆಲವರು ದಾಂಡೇಲಿಯಲ್ಲಿ ದುಡಿಯುತ್ತಿದ್ದರು. ತಾಯಂದಿರು, ಹೆಂಡಂದಿರು ಮುಂಜಾನೆ ಅಡಿಗೆ ಮಾಡಿ, ಡಬ್ಬಿಗೆ ಬಟ್ಟೆ ಕಟ್ಟಿ, ಸ್ಟಾಪಿಗೆ ಬಂದು ನಿಲ್ಲುತ್ತಿದ್ದರು. ಅವರು ಹತ್ತುತ್ತಿರಲಿಲ್ಲ, ಡಬ್ಬಿ ಹತ್ತುತ್ತಿತ್ತು. ಕೆಂಪು ಬಟ್ಟೆ ಇಂಥವರ ಮಗನದು, ಹಸಿರು ಗೆರೆಯದು ಇಂಥವಳ ಗಂಡನದು. ಆಗಿನ ಗಾಡಿಯಲ್ಲಿ ಇಂಜಿನ್ ಡ್ರೈವರನ ಮಗ್ಗುಲಲ್ಲೇ ಇರುತ್ತಿತ್ತು, ಮೇಲೊಂದು ತಗಡಿನ ಮುಚ್ಚಳ. ಆ ಬಿಸಿ ಮುಚ್ಚಳದ ಮೇಲೆ ಡಬ್ಬಿ ಇಟ್ಟರೆ ಜೋಯಿಡಾ ಮುಟ್ಟುವವರೆಗೆ ಅನ್ನ ಆರುತ್ತಿರಲಿಲ್ಲ. ಒಣಮೀನಿನ ಸಾರು, ಕೆಸುವಿನ ಪಲ್ಯ, ಕಾಯಿ ಹಾಕಿದ ಗಡ್ಡೆ ಇವುಗಳ ವಾಸನೆಯಲ್ಲಿ ಗೇರು ಹಾಕುವ ಸುಖ ಈಗಿನ ಮಕ್ಕಳಿಗೆ ಹೇಗೆ ಹೇಳಲಿ!

ನಮ್ಮ ಡಿಪೊ ಮ್ಯಾನೇಜರರು ಬಹಳ ಶಿಸ್ತಿನವರು. ಒಮ್ಮೆ ಗಾಡಿ ಒಳಗೆ ಹತ್ತಿ ಮೂಗು ಹಿಡಿದುಕೊಂಡು ಕೂಗಿದರು: "ಇದು ಗಾಡಿನೋ ಖಾನಾವಳಿನೋ? ನಾಳಿಂದ ಒಂದ ಡಬ್ಬಿ ಕಂಡ್ರ ನಿಮ್ಮಿಬ್ಬರ್ನೂ ಮನಿಗೆ ಕಳಸ್ತೇನಿ."

ಗಂಗಾಧರ ಹೋಗಿ ಎಲ್ಲ ಸ್ಟಾಪಿನಲ್ಲೂ ಸಾಹೇಬರು ಸಿಟ್ಟಾಗಿದ್ದಾರೆ ಅಂತ ಹೇಳಿದ. ಮರುದಿನ ಮತ್ತಿಮರದ ಸ್ಟಾಪಿನಲ್ಲಿ ಪಾರ್ವತಿ ಆಯಿ ಒಂದು ಡಬ್ಬಿ ಹೆಚ್ಚಿಗೆ ಕೊಟ್ಟಳು. ಈ ಆಯಿ ಕೊಂಕಣಿ ಮಾತಿನವಳು. ನಮ್ಮ ಜೊತೆ ಕನ್ನಡವನ್ನೇ ತನ್ನ ರೀತಿಯಲ್ಲಿ ಆಡುತ್ತಿದ್ದಳು. ನನಗಿಂತ ಅಷ್ಟೇನೂ ದೊಡ್ಡವಳಲ್ಲ, ಆದರೆ ಊರಿಗೆಲ್ಲ ಆಯಿ, ಅಂದರೆ ತಾಯಿ. ನಾನು ಆ ದಾರಿಗೆಲ್ಲ ಮಾಮಾ. "ಸಾಹೇಬಾಗ ಹಸಿವಿ ಆಗಿರಬೇಕು ಮಾಮಾ. ಹಸಿದವ್ರ ಒದರ್ತಾರ. ಇದ ಕೊಡು" ಅಂದಳು.

ಅಂಜುತ್ತಂಜುತ್ತ ಸಾಹೇಬರ ಮೇಜಿನ ಮೇಲೆ ಇಟ್ಟು ಬಂದೆ. ಮಧ್ಯಾಹ್ನ ಮ್ಯಾನೇಜರರು ಕರೆದರು. ಖಾಲಿ ಡಬ್ಬಿ ತೊಳೆದು ಇಟ್ಟಿದ್ದರು. ನನ್ನ ಮುಖ ನೋಡದೆ ಅಂದರು: "ಸೀಟಿನ ಮ್ಯಾಲ ಇಡಬ್ಯಾಡ್ರಿ, ಎಣ್ಣಿ ಹತ್ತತೈತಿ. ಇಂಜಿನ್ ಮ್ಯಾಲ ಇಟ್ಕೊಳ್ರಿ." ಇಷ್ಟೇ ಅವರ ಆರ್ಡರು.

ಒಂದು ಫಜೀತಿಯನ್ನೂ ಹೇಳಿಬಿಡುತ್ತೇನೆ. ಗಂಗಾಧರ ರಜೆಯಲ್ಲಿದ್ದಾಗ ಬಂದ ಹೊಸ ಕಂಡಕ್ಟರ್ ಎರಡು ಹಳದಿ ಬಟ್ಟೆಯ ಡಬ್ಬಿಗಳನ್ನು ಅದಲುಬದಲು ಮಾಡಿದ. ಒಂದರಲ್ಲಿ ಜೋಯಿಡಾದ ಬೀಗರಾಗುವವರ ಮನೆಗೆ ಕಳಿಸಿದ ಕರ್ಚಿಕಾಯಿ, ಇನ್ನೊಂದರಲ್ಲಿ ವಸತಿಗೃಹದ ಹುಡುಗನ ಗಂಜಿ, ಉಪ್ಪಿನಕಾಯಿ. ಹುಡುಗರು ಕರ್ಚಿಕಾಯಿಯನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಸಿದ್ದರು. ಆ ಕಡೆ ಬೀಗರು ಗಂಜಿ ನೋಡಿ, "ಮಂದಿ ಸಾದಾ ಅದಾರ, ನಮಗ ಹೊಂದತಾರ" ಅಂತ ಸಂಬಂಧಕ್ಕೆ ಒಪ್ಪಿಬಿಟ್ಟರಂತೆ. ಆ ಮದುವೆಗೆ ನಾನೂ ಗಂಗಾಧರನೂ ಹೋಗಿ ಉಂಡು ಬಂದೆವು.

ಇನ್ನು ಸಾಹೇಬರು ಬಂದ ದಿನದ ಕಥೆ. ಇದನ್ನು ಮಾತ್ರ ಹೊಸಬರು ನಿಧಾನವಾಗಿ ಓದಬೇಕು.

ಖಾಲಿ ಓಡುವ ಗಾಡಿಗಳನ್ನು ನಿಲ್ಲಿಸಬೇಕು ಅಂತ ಮೇಲಿನಿಂದ ಮಾತು ಬಂದಿತ್ತು. ಯಾವ ಗಾಡಿಗೆ ಎಷ್ಟು ಮಂದಿ ಅಂತ ಕಣ್ಣಾರೆ ನೋಡಲು ಒಬ್ಬ ದೊಡ್ಡ ಸಾಹೇಬರು ಹೊರಟಿದ್ದರು. ನಮ್ಮ ಗಾಡಿಗೆ ಹೆದರಿಕೆ ಇರಲಿಲ್ಲ. ದಿನಾ ಸೀಟು ತುಂಬಿ ನಿಂತು ಬರುವವರೂ ಇರುತ್ತಿದ್ದರು. ಆದರೂ ಗಂಗಾಧರ ಹಿಂದಿನ ದಿನ ಸ್ಟಾಪ್ ಸ್ಟಾಪಿಗೆ ಕೂಗಿ ಹೇಳಿದ: "ನಾಳೆ ದೊಡ್ಡ ಸಾಹೇಬ್ರು ನಮ್ಮ ಗಾಡಿಗೆ ಬರಾಕತ್ತಾರ. ಚಲೋತ್ನಾಗ ನೋಡ್ಕೋಬೇಕ್ರಪಾ, ನಮ್ಮ ಮರ್ಯಾದಿ ನಿಮ್ಮ ಕೈಯಾಗೈತಿ!"

ಆ ಹಳ್ಳಿಗಳಲ್ಲಿ ಒಂದು ಪದ್ಧತಿ ಇದೆ. ಮನೆಗೆ ಅತಿಥಿ ಬಂದರೆ ಒಳಗಿನ ಚಾಪೆಯೆಲ್ಲ ಅವನದೇ. ಅವನು ಉಂಡು, ವಿಶ್ರಾಂತಿ ತೆಗೆದುಕೊಂಡು ಏಳುವವರೆಗೆ ಮನೆಯವರು ಹೊರಗೆ ಜಗುಲಿಯ ಮೇಲೆ ನಿಂತಿರುತ್ತಾರೆ. ಒಳಗೆ ಬರ್ರಿ ಅಂತ ಅತಿಥಿ ಕರೆದರೂ ಬರುವುದಿಲ್ಲ. ಕರೆಯುವುದು ಅವನ ದೊಡ್ಡತನ, ಬರದಿರುವುದು ಇವರ ಮರ್ಯಾದೆ.

ಮರುದಿನ ಕುಂಬಾರವಾಡದಿಂದ ಸಾಹೇಬರನ್ನು ಕೂರಿಸಿಕೊಂಡು ಹೊರಟೆವು. ಮೊದಲ ಸ್ಟಾಪಿನಲ್ಲಿ ನೆಲಕ್ಕೆ ನೀರು ಹೊಡೆದು ಗುಡಿಸಿದ್ದರು. ಮಂದಿ ತೊಳೆದ ಬಟ್ಟೆ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಗಾಡಿ ನಿಂತಿತು. ಎಲ್ಲರೂ ಕೈ ಮುಗಿದರು. ಡಬ್ಬಿ ಕೊಟ್ಟರು. ಯಾರೂ ಹತ್ತಲಿಲ್ಲ.

"ಹತ್ರಿ, ಹತ್ರಿ" ಅಂದ ಗಂಗಾಧರ.

"ಇರಲಿ, ಇರಲಿ" ಅಂದರು ಅವರು.

ಮುಂದಿನ ಸ್ಟಾಪಿನಲ್ಲೂ ಅದೇ. ನಾನು ಕಣ್ಣು ಹೊಡೆದೆ, ಕೈ ಬೀಸಿದೆ. ನಾನು ಉಪಚಾರಕ್ಕೆ ಕರೆಯುತ್ತಿದ್ದೇನೆ ಅಂದುಕೊಂಡು ಅವರು ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ. "ಏನ್ರೀ ಇದು, ಯಾರೂ ಹತ್ತುತ್ತಾನೇ ಇಲ್ವಲ್ಲ?" ಅಂದರು. ಮತ್ತಿಮರದ ಸ್ಟಾಪಿನಲ್ಲಿ ಅವರೇ ಕಿಟಕಿಯಿಂದ ಪಾರ್ವತಿ ಆಯಿಯನ್ನು ಕೇಳಿದರು: "ಬನ್ನಿ ಅಮ್ಮಾ, ಜಾಗ ಇದೆಯಲ್ಲ."

ಆಯಿ ಸೆರಗು ತಲೆಯ ಮೇಲೆ ಎಳೆದುಕೊಂಡು ನಕ್ಕಳು. "ತುಮಿ ಬಸಾ ಸಾಹೇಬ, ಆರಾಮ ಕುಂಡ್ರಿ. ನೀವು ಹೋಗ್ರಿ, ನಾವು ನಾಳೆ ಬರ್ತೇವಿ."

ಜೋಯಿಡಾ ಮುಟ್ಟುವವರೆಗೆ ಗಾಡಿಯಲ್ಲಿ ಸಾಹೇಬರು, ನಾವಿಬ್ಬರು, ಮತ್ತು ಡಬ್ಬಿಗಳು. ಇಳಿಯುವಾಗ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಗಲಿಲ್ಲ, ಬಯ್ಯಲಿಲ್ಲ. "ನಿಮ್ಮ ಮಾತು ನಂಬ್ತೀನಿ ಫಕೀರಪ್ಪ. ಆದರೆ ಸೀಟಿನ ಮೇಲೆ ಕಂಡದ್ದನ್ನೇ ನಾನು ಹೇಳಬೇಕಾಗುತ್ತೆ" ಅಂದರು. ಅವರ ಮುಖದಲ್ಲೂ ಸಂಕಟ ಇತ್ತು.

ಸ್ವಲ್ಪ ದಿನಕ್ಕೆ ಕುಂಬಾರವಾಡ ಗಾಡಿ ನಿಂತಿತು. ಜೋಯಿಡಾಕ್ಕೇ ನಮ್ಮ ದಾರಿ ಮುಗಿಯಿತು. ಸುದ್ದಿ ಕೇಳಿದ ಮೇಲೆ ಪಾರ್ವತಿ ಆಯಿ ನಡೆದುಕೊಂಡು ಜೋಯಿಡಾಕ್ಕೆ ಬಂದಿದ್ದಳು. "ಮಾಮಾ, ನಾವ ಏನ್ ತಪ್ಪ ಮಾಡಿದ್ವು? ಎಲ್ಲಾ ಜಾಗಾ ಅವರಿಗೇ ಬಿಟ್ಟಿದ್ವಲ್ಲ" ಅಂದಳು. ಹೊಸಬರಿಗೆ ನಾನು ಹೇಳುವುದಿಷ್ಟೆ. ಮಂದಿಗೆ ಸುದ್ದಿ ಹೇಳುವಾಗ ಪೂರಾ ಹೇಳಿರಿ. ಚೆನ್ನಾಗಿ ನೋಡಿಕೊಳ್ಳಿ ಅಂದರೆ ಯಾವ ಊರವರು ಏನು ಮಾಡುತ್ತಾರೆ ಅನ್ನುವುದನ್ನು ತಿಳಿದುಕೊಂಡು ಹೇಳಿರಿ.

ಅಂದಿನಿಂದ ಆ ಹಳ್ಳಿಯವರಿಗೆ ಸಿಕ್ಕಿದ ಜೀಪು, ಇಲ್ಲವಾದರೆ ಕಾಲು. ಡಬ್ಬಿ ಕಳಿಸುವುದು ನಿಂತಿತು. ಗಂಗಾಧರ ಬೇರೆ ಡಿಪೊಕ್ಕೆ ಹೋದ. ನಾನು ಒಳ್ಳೆಯ ಡಾಂಬರು ರಸ್ತೆಗಳಲ್ಲಿ ಓಡಿಸಿದೆ, ಹೊಸ ಗಾಡಿಗಳನ್ನು ಓಡಿಸಿದೆ. ಕಂಡಕ್ಟರರ ಕೈಯಲ್ಲಿದ್ದ ಟಿಕೆಟ್ ಪೆಟ್ಟಿಗೆ ಹೋಗಿ ಮಷೀನು ಬಂತು. ಟಿಕೆಟ್ ಪಂಚಿನಿಂದ ಕಿಟಕಿಗೆ ಟಕ್ ಟಕ್ ಬಡಿಯುವ ಸದ್ದು ಹೋಗಿ ಕುಂಯ್ ಕುಂಯ್ ಸದ್ದು ಬಂತು. ನಿವೃತ್ತಿಯ ದಿನ ಹಾರ ಹಾಕಿದರು. ಮನಸ್ಸಿನಲ್ಲಿ ಮಾತ್ರ ಆ ಕೆಂಪು ರಸ್ತೆಯೇ ಇತ್ತು.

ಈಗ ಈಚಿನ ಸುದ್ದಿಗೆ ಬರುತ್ತೇನೆ. ನಿವೃತ್ತನಾದ ಮೇಲೆ ನನ್ನ ಕಚೇರಿ ದಾಂಡೇಲಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿ. ಅಲ್ಲಿ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಮಲ್ಲೇಶಪ್ಪ ದಿನಾ ಪೇಪರು ಓದಿ ಹೇಳುತ್ತಾನೆ. ಹೋದ ಚುನಾವಣೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಜಗಳ. ಸರಕಾರದ ದುಡ್ಡು ಬಸ್ಸಿಗೆ ಹಾಕಬೇಕೋ, ವಿಮಾನ ನಿಲ್ದಾಣಕ್ಕೆ ಹಾಕಬೇಕೋ?

ಮಲ್ಲೇಶಪ್ಪ ವಿಮಾನದ ಪಕ್ಷ. "ಫಕೀರಪ್ಪ, ನಮ್ಮೂರಿಗೆ ಹೊಳಿಯಾಗ ಬೋಟ್ ಆಡಾಕ ಎಲ್ಲೆಲ್ಲಿಂದೋ ಮಂದಿ ಬರತಾರ. ಹತ್ರ ವಿಮಾನ ಇಳಿದ್ರ ಇನ್ನೂ ಬರತಾರ. ನಮ್ಮ ಹುಡುಗರಿಗೆ ಕೆಲಸ ಸಿಗತೈತಿ. ಬಸ್ಸಿಗೆ ಹಾಕಿದ ರೊಕ್ಕ ಏನಾಕ್ಕೈತಿ? ಹೆಂಗಸರಿಗೆ ಪುಕ್ಕಟೆ ಮಾಡ್ಯಾರ, ನುಸ್ತಾ ಲುಕ್ಸಾನು."

"ಪುಕ್ಕಟೆ ಅಂತಿ. ನಿನ್ನ ಹೆಂಡ್ತಿ ಮೊನ್ನೆ ತವರಮನಿಗೆ ಹೆಂಗ ಹೋದ್ಲು?" ಅಂತ ಚಹಾದಂಗಡಿಯವನು ಕೇಳಿದ.

"ಅಕಿ ಹೋಗಿದ್ದಕ್ಕ ನನಗ ಲಾಭ ಆತು, ಅದನ್ನ ಇಲ್ಲಿ ತರಬ್ಯಾಡ" ಅಂದ ಮಲ್ಲೇಶಪ್ಪ. ಎಲ್ಲರೂ ನಕ್ಕರು.

ಅವನ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ನನಗೂ ವಿಮಾನ ನೋಡುವುದೆಂದರೆ ಆಸೆ, ಈಗಲೂ ಸದ್ದು ಕೇಳಿದರೆ ಅಂಗಳಕ್ಕೆ ಓಡುತ್ತೇನೆ. ಆದರೆ ವಿಮಾನ ಇಳಿದವನೂ ಕೊನೆಗೆ ಯಾವುದೋ ಊರಿಗೆ ಹೋಗಬೇಕಲ್ಲ? ಇರುವ ಊರಿಗೇ ಬಸ್ಸಿಲ್ಲದಿದ್ದರೆ ಅದನ್ನು ಮೊದಲು ಕೇಳಬೇಕು ಅನ್ನುವುದು ನನ್ನ ಲೆಕ್ಕ.

ತೇರಗಾಂವದಲ್ಲಿ ಒಂದು ಸಭೆ ಆಯಿತು. ಶಾಂತವ್ವನ ತಂಗಿ ಅಲ್ಲಿದ್ದಾಳೆ, ಅದಕ್ಕೆ ನಾವೂ ಹೋಗಿದ್ದೆವು. ಎರಡು ಪಕ್ಷದವರೂ ಒಂದೇ ಚಪ್ಪರದಲ್ಲಿ ಮಾತಾಡಿದರು. ಒಬ್ಬರು ವಿಮಾನ ನಿಲ್ದಾಣ ತರುತ್ತೇವೆ ಅಂದರು, ಇನ್ನೊಬ್ಬರು ಹಳ್ಳಿ ಹಳ್ಳಿಗೆ ಬಸ್ಸು ಬಿಡುತ್ತೇವೆ ಅಂದರು. ಹಿಂದೆ ಕುಳಿತ ಒಬ್ಬ ಹೆಂಗಸು ಎದ್ದು ಕೇಳಿದಳು: "ಎಪ್ಪಾ, ನೀವಿಬ್ರೂ ಇವತ್ತ ಯಾತರಾಗ ಬಂದ್ರಿ?"

ಹೊರಗೆ ಇಬ್ಬರ ಕಾರುಗಳೂ ನಿಂತಿದ್ದವು.

ಅದೇ ಸಭೆಯಲ್ಲಿ ನಾನೂ ಎದ್ದೆ. ನನಗೆ ಭಾಷಣ ಬರುವುದಿಲ್ಲ. "ಕುಂಬಾರವಾಡ ಗಾಡಿ ಖಾಲಿ ಇರಲಿಲ್ರೀ, ಮಂದಿ ಮರ್ಯಾದಿಗೆ ಹೊರಗ ನಿಂತಿದ್ರು" ಅಂತ ಆವತ್ತಿನ ಕಥೆ ಹೇಳಿ ಕುಳಿತೆ. ಶಾಂತವ್ವ ನನ್ನ ಅಂಗಿ ಹಿಡಿದು ಎಳೆಯುತ್ತಲೇ ಇದ್ದಳು.

ನನ್ನ ಮಾತಿಗೇ ಆಯಿತೆಂದು ಜಂಬ ಕೊಚ್ಚಿಕೊಳ್ಳುವುದಿಲ್ಲ. ಜೋಯಿಡಾ ಕಡೆಯವರು ವರ್ಷಗಟ್ಟಲೆ ಕೇಳುತ್ತಲೇ ಇದ್ದರು. ಅಂತೂ ಚುನಾವಣೆ ಮುಗಿದ ಮೇಲೆ ಕುಂಬಾರವಾಡ ಗಾಡಿಯನ್ನು ಮತ್ತೆ ಬಿಡುತ್ತೇವೆ ಅಂದರು. ಆದರೆ ಪರೀಕ್ಷೆಗೆ ಮಾತ್ರ. ಮಂದಿ ಹತ್ತಿದರೆ ಇರುತ್ತದೆ, ಇಲ್ಲದಿದ್ದರೆ ಮತ್ತೆ ಬಂದ್. ಈಗ ಸಾಹೇಬರು ಬಂದು ನೋಡುವುದಿಲ್ಲ. ಟಿಕೆಟ್ ಮಷೀನೇ ಎಲ್ಲ ಹೇಳುತ್ತದೆ. ಹೆಂಗಸರಿಗೆ ದುಡ್ಡಿಲ್ಲದ ಟಿಕೆಟ್ಟಾದರೂ ಮಷೀನಿಗೆ ಅವರೂ ಲೆಕ್ಕವೇ.

ಆ ಗಾಡಿಯನ್ನು ಯಾರಿಗೆ ಕೊಟ್ಟರು ಹೇಳಿ ನೋಡೋಣ! ನಮ್ಮ ಶೈಲಾಗೆ!

ಸುದ್ದಿ ತಂದಾಗ ಅವಳ ಮುಖ ಸಣ್ಣದಾಗಿತ್ತು. "ಅಜ್ಜಾ, ಮ್ಯಾನೇಜರ್ ಅಂದ್ರು, ಮೊದಲನೇ ದಿನದ ಲೆಕ್ಕಕ್ಕ ಮ್ಯಾಲಿನವರು ಕಾಯ್ಕೋತ ಕುಂತಾರಂತ. ಖಾಲಿ ಬಂದ್ರ ಏನ್ ಮಾಡ್ಲಿ? ನನ್ನ ಕೈಯಾಗ ಗಾಡಿ ಬಂದ್ ಆತು ಅನ್ನೂದ ಬ್ಯಾಡ."

"ಖಾಲಿ ಯಾಕ ಬರತೈತಿ? ನಾ ಬರ್ತೇನಿ ನಡಿ" ಅಂದೆ. ಪೆಟ್ಟಿಗೆಯಲ್ಲಿಟ್ಟ ಬಿಳಿ ಅಂಗಿ ತೆಗೆದೆ. ಶಾಂತವ್ವ, "ಲಗ್ನಕ್ಕೂ ಇಷ್ಟ ಸಿಂಗಾರ ಆಗಿದ್ದಿಲ್ಲ" ಅಂದಳು.

ಮುಂಜಾನೆ ಹೊರಟೆವು. ನಾನು ಅವಳ ಹಿಂದಿನ ಸೀಟಿನಲ್ಲಿ. ಏನು ಹೇಳಲಿ ಆ ಸಂತೋಷ! ಅವಳ ಕೈ ಸ್ಟೇರಿಂಗಿನ ಮೇಲೆ, ನನ್ನ ಕಾಲು ಸುಮ್ಮನೆ ಬ್ರೇಕು ಒತ್ತುತ್ತಿತ್ತು. ನಾನು ತಿರುವು ತಿರುವಿಗೆ, "ಇಲ್ಲಿ ಸಾವಕಾಶ, ಇಲ್ಲಿ ಹಾರ್ನ್" ಅನ್ನುತ್ತಿದ್ದೆ. ಅವಳು ಕನ್ನಡಿಯಲ್ಲಿ ನೋಡಿ, "ಅಜ್ಜಾ, ರಸ್ತೆ ಈಗ ಡಾಂಬರ್ ಐತಿ. ಸುಮ್ನ ಕಿಟಕಿ ನೋಡು" ಅಂದಳು. ಕುಂಬಾರವಾಡದಲ್ಲಿ ಗಾಡಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚೆಂಡುಹೂವಿನ ಮಾಲೆ ಹಾಕಿದರು. ನನ್ನ ಕೈಗೂ ಕಾಯಿ ಕೊಟ್ಟರು. ಜೋಯಿಡಾಕ್ಕೆ ವಾಪಸು ಹೊರಡುವ ಹೊತ್ತಾಯಿತು. ಎಲ್ಲರೂ ಹಿಂದೆ ಸರಿದು ಕೈ ಮುಗಿದರು.

ಯಾರೂ ಹತ್ತಲಿಲ್ಲ.

ಮುಂದಿನ ಸ್ಟಾಪಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರು ಚೀಲ ಹಾಕಿಕೊಂಡೇ ನಿಂತಿದ್ದರು. ಅವರ ತಾಯಂದಿರು ಅವರ ತೋಳು ಹಿಡಿದಿದ್ದರು. "ಇವತ್ತ ಬ್ಯಾಡ, ಮಾಮಾ ಬಂದಾರ" ಅನ್ನುವುದು ನನ್ನ ಕಿವಿಗೆ ಬಿತ್ತು. ಶೈಲಾ, "ಬರ್ರಿ, ಹತ್ರಿ" ಅಂದಳು. ಅವರು "ಇರಲಿ, ಇರಲಿ" ಅಂದರು. ಅದೇ ಮಾತು! ಶೈಲಾ ಮಷೀನು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ಅವಳ ಕಣ್ಣುಗಳು ತುಂಬಿದ್ದವು. "ಅಜ್ಜಾ, ಯಾಕ ಹತ್ತವಲ್ರು?"

ಈ ಸಲ ಗಾಡಿಯಲ್ಲಿ ಯಾವ ಸಾಹೇಬರೂ ಇರಲಿಲ್ಲ. ಬಿಳಿ ಅಂಗಿ ಹಾಕಿ, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತ ಅತಿಥಿ ನಾನೇ!

ಕರೆದರೆ ಬರುವವರಲ್ಲ ಅನ್ನುವುದು ನನಗೆ ಗೊತ್ತು. "ಮತ್ತಿಮರಕ್ಕ ನಡಿ" ಅಂದೆ.

ಮತ್ತಿಮರದ ಹತ್ತಿರ ಗುಂಪೇ ನಿಂತಿತ್ತು. ಮುಂದೆ ಕೋಲು ಊರಿಕೊಂಡು ಪಾರ್ವತಿ ಆಯಿ. ಈಗ ಪೂರಾ ಬಾಗಿದ್ದಾಳೆ. ಅವಳ ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. ಗಾಡಿ ನಿಂತ ಕೂಡಲೇ ನಾನು ಎದ್ದೆ.

"ಎಲ್ಲಿಗೆ ಅಜ್ಜಾ?"

"ಇಳೀತೇನಿ. ನಾ ಒಳಗ ಇರೂತನಕ ಇವರು ಹತ್ತೂದಿಲ್ಲ."

"ಮತ್ತ ನೀ ಮನಿಗೆ ಹೆಂಗ ಬರ್ತಿ? ಇವತ್ತ ಇನ್ನೊಂದ ಗಾಡಿ ಇಲ್ಲ."

"ನೀವು ಹೋಗ್ರಿ, ನಾ ನಾಳೆ ಬರ್ತೇನಿ" ಅಂದು ಕೆಳಗೆ ಇಳಿದೆ.

ಇಳಿದು ಆಯಿಯ ಮಗ್ಗುಲಲ್ಲಿ, ಮರದ ಬುಡಕ್ಕೆ ಹೋಗಿ ನಿಂತೆ. ಗುಂಪಿನವರು ನನ್ನನ್ನೂ ಖಾಲಿ ಗಾಡಿಯನ್ನೂ ನೋಡಿದರು. ಅತಿಥಿಯೇ ಎದ್ದ ಮೇಲೆ ಇನ್ನು ಯಾರಿಗೆ ಕಾಯಬೇಕು? ಮೊದಲು ಒಬ್ಬ ಮುದುಕ ಹತ್ತಿದ. ಅವನ ಹಿಂದೆ ಎರಡು ಮಕ್ಕಳ ಕೈ ಹಿಡಿದ ಹೆಂಗಸು. ಆಮೇಲೆ ನೂಕುನುಗ್ಗಲು! ಅಷ್ಟರಲ್ಲಿ ಹಿಂದಿನ ಸ್ಟಾಪಿನ ಹುಡುಗಿಯರು ಯಾರದೋ ಜೀಪಿನಲ್ಲಿ ಬೆನ್ನು ಹತ್ತಿ ಬಂದರು. ಪರೀಕ್ಷೆ ಇತ್ತಂತೆ, ತಾಯಂದಿರ ಕೈ ಬಿಡಿಸಿಕೊಂಡು ಬಂದಿದ್ದರು. ಮಷೀನು ಕುಂಯ್ ಕುಂಯ್ ಅನ್ನತೊಡಗಿತು. ನನ್ನ ಕಿವಿಗೆ ಅದು ಸನಾದಿ ಊದಿದಂತೆ ಕೇಳಿಸಿತು.

ಆಯಿ ಡಬ್ಬಿಯನ್ನು ಕಿಟಕಿಯಿಂದ ಶೈಲಾಗೆ ಕೊಟ್ಟಳು. "ನಮ್ಮ ಮೊಮ್ಮಗ ಜೋಯಿಡಾದಾಗ ಕಾಯ್ತಾನ. ಕೆಂಪು ಅರಿವಿ, ಮರೀಬ್ಯಾಡ."

"ಮರಿಯಂಗಿಲ್ಲ ಆಯಿ" ಅಂದಳು ಶೈಲಾ. ಈಗಿನ ಗಾಡಿಯ ಇಂಜಿನ್ ಮುಚ್ಚಳ ಅಷ್ಟು ಬಿಸಿಯಾಗುವುದಿಲ್ಲ. ಆದರೂ ಅವಳು ಡಬ್ಬಿಯನ್ನು ಅದರ ಮೇಲೆಯೇ ಇಟ್ಟಳು. ನಾನು ಹೇಳಿಕೊಟ್ಟಿರಲಿಲ್ಲ.

ಬಾಗಿಲಲ್ಲಿ ಮಂದಿ ಜೋತಾಡುತ್ತಿದ್ದಂತೆ ಗಾಡಿ ಹೊರಟಿತು. ಶೈಲಾ ಕೈ ಹೊರಗೆ ಹಾಕಿ ಬೀಸಿದಳು, ಉದ್ದಕ್ಕೆ ಹಾರ್ನ್ ಹೊಡೆದಳು. ನಾನು ಓಡಿಸಿದ ಯಾವ ಗಾಡಿಯ ಹಾರ್ನೂ ಹಾಗೆ ಕೇಳಿಸಿರಲಿಲ್ಲ. ನಾನು ರಸ್ತೆಯ ನಡುವೆ ನಿಂತು ತಿರುವಿನಲ್ಲಿ ಅದು ಮರೆಯಾಗುವವರೆಗೂ ನೋಡಿದೆ. ಮುಖವೆಲ್ಲ ಒದ್ದೆಯಾಗಿತ್ತು.

ಹಿಂದಿನಿಂದ ಆಯಿ ನಗುತ್ತಾ ಅಂದಳು: "ಮಾಮಾ, ನಿನ್ನ ಗಾಡಿ ನಿನ್ನ ಬಿಟ್ಟ ಹೋತಲ್ಲ!"

"ಹೋಗ್ಲಿ ಬಿಡು ಆಯಿ" ಅಂದೆ. "ತುಂಬಿ ಹೋತು."